ಮ್ಯಾಡ್ರಿಡ್‌ನ ಮರಳಿನಲ್ಲಿ ಕೇಳಿದ ಕೊರಳಗಂಟೆ

(ನಮ್ಮೂರಿನ ಓದುಗರ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

31 ವರ್ಷ ದನದ ಡಾಕ್ಟರಾಗಿ ದುಡಿದವನು ನಾನು. ಸ್ಪೇನ್‌ಗೆ ಹೋಗಿ ಬಂದಿದ್ದೀರಿ, ನಾಲ್ಕು ಮಾತಾಡಿ ಎಂದು ಕರೆದಿರಿ. ಅಲ್ಲಿ ಅರಮನೆ ನೋಡಿದೆ, ಚಿತ್ರಶಾಲೆ ನೋಡಿದೆ, ರಾತ್ರಿ ಒಂಬತ್ತೂವರೆಯಾದರೂ ಮುಳುಗಲೊಲ್ಲದ ಬೇಸಿಗೆಯ ಸೂರ್ಯನನ್ನು ಮಗಳ ಮನೆಯ ಬಾಲ್ಕನಿಯಲ್ಲಿ ಕೂತು ನೋಡಿದೆ. ಅವೆಲ್ಲ ಈಗಲೇ ಮಸುಕಾಗುತ್ತಿವೆ. ಹಾಗೇ ಉಳಿದಿರುವುದು ಒಂದು ಭಾನುವಾರದ ಸಂಜೆ. ಲಾಸ್ ವೆಂತಾಸ್ ಎಂಬ ಗೂಳಿಕಾಳಗದ ಅಖಾಡದಲ್ಲಿ ಅವತ್ತು ಆರು ಗೂಳಿಗಳು ಸಾಯುವುದನ್ನು ಕಣ್ಣಾರೆ ನೋಡಿದೆ. ಏಳನೆಯದೂ ಒಂದು ಸತ್ತಿತು. ಅದು ಸಾಯುವುದನ್ನು ಮಾತ್ರ ನಮಗ್ಯಾರಿಗೂ ತೋರಿಸಲಿಲ್ಲ. ನಾನು ಇಲ್ಲಿಗೆ ಬರಲು ಒಪ್ಪಿದ್ದು ಆ ಏಳನೆಯದರ ಸಲುವಾಗಿ.

ಹೋಗಬೇಕೋ ಬೇಡವೋ ಎಂದು ಒಂದು ವಾರ ತೂಗಿ ನೋಡಿದ್ದೆ. ಮಗಳು ಬೇಡವೇ ಬೇಡ ಅಂದಳು. ಆದರೆ ಜೀವಮಾನವಿಡೀ ದನಗಳ ಮೈ ಮುಟ್ಟಿ ರೋಗ ಹೇಳಿದವನಿಗೆ, ಕಾಣದ ಪ್ರಾಣಿಯ ಬಗ್ಗೆ ದೂರದಿಂದಲೇ ತೀರ್ಪು ಕೊಡಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ಅವಳೂ ಜೊತೆಗೆ ಬಂದಳು. ಸ್ಪ್ಯಾನಿಷ್ ಬಲ್ಲವಳು ಅವಳೇ.

ಮೆಟ್ರೋದಲ್ಲಿ ವೆಂತಾಸ್ ನಿಲ್ದಾಣಕ್ಕೆ ಇಳಿದು ಮೆಟ್ಟಿಲು ಹತ್ತಿದರೆ ಕಟ್ಟಡ ಎದುರಿಗೇ ನಿಂತಿದೆ. ಕೆಂಪು ಇಟ್ಟಿಗೆ, ಕುದುರೆಲಾಳದಂಥ ಕಮಾನು, ನಡುನಡುವೆ ಬಣ್ಣದ ಪಿಂಗಾಣಿ ಬಿಲ್ಲೆಗಳು. ನೋಡಲು ಅರಬರ ಕಾಲದ್ದೆನ್ನಿಸಿದರೂ ತೀರ ಹಳೆಯದಲ್ಲ. 1931ರಲ್ಲಿ ಮೊದಲ ಕಾಳಗ ನಡೆಯಿತು, 1934ರಿಂದ ಅದೇ ಮ್ಯಾಡ್ರಿಡ್‌ನ ಮುಖ್ಯ ಅಖಾಡ. 20,000ಕ್ಕೂ ಮಿಕ್ಕಿ ಜನ ಕೂರುತ್ತಾರೆ. ಮೇ ತಿಂಗಳ ಸಾನ್ ಇಸಿದ್ರೋ ಉತ್ಸವದಲ್ಲಿ ಸುಮಾರು ಒಂದು ತಿಂಗಳು ಹೆಚ್ಚುಕಡಿಮೆ ದಿನವೂ ಆಟ ಇರುತ್ತದೆ. ನಾವು ಹೋಗಿದ್ದು ಉತ್ಸವ ಮುಗಿದ ಮೇಲಿನ ಭಾನುವಾರ. ಊರಿನ ರಸಿಕರು ಕಡಿಮೆಯಾಗಿ, ನನ್ನಂಥ ಪ್ರವಾಸಿಗರು ಹೆಚ್ಚಾಗುವ ದಿನಗಳವು.

ಹೊರ ಅಂಗಳದಲ್ಲಿ ಒಂದು ಸ್ಮಾರಕ ನನ್ನನ್ನು ತಡೆದು ನಿಲ್ಲಿಸಿತು. ಕಂಬದ ಮೇಲೆ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಮೂರ್ತಿ. ಅದರ ಮುಂದೆ ಕಂಚಿನ ಮ್ಯಾಟಡಾರ್ ಒಬ್ಬ, ಅಂದರೆ ಗೂಳಿಯ ಜೊತೆ ಕಾದಾಡಿ ಅದನ್ನು ಕೊಲ್ಲುವವ, ಟೋಪಿ ಎತ್ತಿ ಅವರಿಗೆ ವಂದಿಸುತ್ತಿದ್ದಾನೆ. 1964ರಲ್ಲಿ ನಿಲ್ಲಿಸಿದ್ದಂತೆ. ಕೊಂಬಿನ ಗಾಯ ಎಂಥದೆಂದು ನನಗೆ ಗೊತ್ತು. ಮೇಲೆ ಸಣ್ಣ ತೂತು ಕಾಣುತ್ತದೆ, ಒಳಗೆ ಮಾಂಸ ನಾಲ್ಕು ದಿಕ್ಕಿಗೆ ಹರಿದಿರುತ್ತದೆ, ಕೊಂಬಿನ ಜೊತೆ ಮಣ್ಣು, ಸೆಗಣಿ, ಬಟ್ಟೆಯ ಚೂರು ಎಲ್ಲ ಒಳಕ್ಕೆ ಹೋಗಿರುತ್ತದೆ. ಪೆನಿಸಿಲಿನ್ ಬರುವ ಮುಂಚೆ ಕೊಂಬಿನಿಂದ ಉಳಿದವನೂ ಕೀವಿನಿಂದ ಸಾಯುತ್ತಿದ್ದ. ಆ ಕೃತಜ್ಞತೆ ಕೃತಕವಲ್ಲ. ನಾನೂ ಅಲ್ಲೇ ನಿಂತು ಮನಸ್ಸಿನಲ್ಲೇ ಕೈ ಮುಗಿದೆ. ನನ್ನ ಸೂಜಿಯಿಂದ ಎಷ್ಟೋ ಎತ್ತುಗಳನ್ನು ಉಳಿಸಿಕೊಟ್ಟ ಔಷಧಿ ಅದು.

ಟಿಕೆಟ್ ಬೆಲೆ ನಿರ್ಧರಿಸುವುದು ಸೂರ್ಯ. ನೆರಳಿನ ಕಡೆ ದುಬಾರಿ, ಬಿಸಿಲಿನ ಕಡೆ ಅಗ್ಗ, ಮೊದಲು ಬಿಸಿಲಿದ್ದು ಆಮೇಲೆ ನೆರಳಾಗುವ ಜಾಗಕ್ಕೆ ನಡುವಿನ ಬೆಲೆ. ಕೂರುವುದು ಬರೀ ಕಲ್ಲಿನ ಮೇಲೆ, ಬಾಗಿಲಲ್ಲಿ ಬಾಡಿಗೆಗೆ ದಿಂಬು ಸಿಗುತ್ತದೆ. ಇನ್ನೊಂದು ಕಟ್ಟಳೆ ಇದೆ: ಮರಳಿನ ಮೇಲೆ ಜೀವಂತ ಗೂಳಿ ಇರುವ ತನಕ ಯಾರೂ ಎದ್ದು ಓಡಾಡುವಂತಿಲ್ಲ. ಬರುವವರೂ ಹೋಗುವವರೂ ಒಂದು ಗೂಳಿ ಸತ್ತು ಇನ್ನೊಂದು ಬರುವ ಸಂದಿಯಲ್ಲೇ ಚಲಿಸಬೇಕು. ನಮ್ಮ ಪಕ್ಕದಲ್ಲಿ ವಯಸ್ಸಾದ ಒಬ್ಬರು ಕೂತಿದ್ದರು. ಹುಡುಗನಾಗಿದ್ದಾಗ ಅಪ್ಪನ ಜೊತೆ ಬಂದಾಗಿನಿಂದ ಅದೇ ಸಾಲಂತೆ. ನಾನು ಪಶುವೈದ್ಯ ಎಂದು ಮಗಳು ಹೇಳಿದ್ದೇ ತಡ, ಅವರ ಮುಖ ಅರಳಿತು. ಅಲ್ಲಿಂದ ಮುಂದೆ ಎಲ್ಲವನ್ನೂ ಅವರು ವಿವರಿಸಿದರು, ಮಗಳು ಕನ್ನಡಕ್ಕೆ ತಿರುಗಿಸಿದಳು.

ಬೆಳಿಗ್ಗೆಯೇ ನನ್ನ ವೃತ್ತಿಯವರು ಅಲ್ಲಿ ಕೆಲಸ ಮುಗಿಸಿ ಹೋಗಿದ್ದರು. ಪ್ರತಿ ಗೂಳಿಯನ್ನೂ ಪಶುವೈದ್ಯರು ಪರೀಕ್ಷಿಸಲೇಬೇಕೆಂದು ಕಾನೂನಿದೆ. ನಾಲ್ಕು ವರ್ಷ ತುಂಬಿರಬೇಕು, ಆರು ತುಂಬಿರಬಾರದು. ಇಂಥ ಮೊದಲ ದರ್ಜೆಯ ಅಖಾಡದಲ್ಲಿ ಕನಿಷ್ಠ 460 ಕಿಲೋ ತೂಗಬೇಕು. ಕಣ್ಣು, ಕಾಲು ನೆಟ್ಟಗಿರಬೇಕು, ಕೊಂಬನ್ನು ಕದ್ದು ಅರದಿಂದ ಉಜ್ಜಿರಬಾರದು. ಮ್ಯಾಟಡಾರ್‌ಗಳು ಮೂವರು, ಗೂಳಿಗಳು ಆರು, ತಲೆಗೆ ಎರಡು. ಯಾರಿಗೆ ಯಾವುದು ಎಂದು ಮಧ್ಯಾಹ್ನ ಚೀಟಿ ಎತ್ತುತ್ತಾರೆ. ಕಸಾಯಿಖಾನೆಯಲ್ಲಿ ಕಡಿಯುವ ಮುಂಚೆ ದನ ಆರೋಗ್ಯವಾಗಿದೆ ಎಂದು ಬರೆದುಕೊಡುವ ಕೆಲಸ ನಾನೂ ಮಾಡಿದ್ದೇನೆ. ಹಾಗಾಗಿ ಆ ವೈದ್ಯರನ್ನು ಬೈಯುವ ಅಧಿಕಾರ ನನಗಿಲ್ಲ.

ತುತ್ತೂರಿ ಊದಿತು. 17ನೆಯ ಶತಮಾನದ ಕರಿ ಉಡುಪು ತೊಟ್ಟ ಇಬ್ಬರು ಕುದುರೆ ಸವಾರರು ಮುಂದೆ, ಅವರ ಹಿಂದೆ ಜರತಾರಿಯ ಬಿಗಿ ಉಡುಪಿನ ಮೂವರು, ಅವರ ಹಿಂದೆ ಸಹಾಯಕರು, ಈಟಿಯ ಸವಾರರು, ಕಟ್ಟಕಡೆಗೆ ಹೆಣ ಎಳೆಯುವ ಹೇಸರಗತ್ತೆಗಳು. ಮೂವರಲ್ಲಿ ಒಬ್ಬ ಟೋಪಿಯಿಲ್ಲದೆ ಬರಿತಲೆಯಲ್ಲಿ ನಡೆಯುತ್ತಿದ್ದ. ಈ ಅಖಾಡದಲ್ಲಿ ಅವನಿಗೆ ಇದೇ ಮೊದಲ ಸಲ, ಅದಕ್ಕೆ ಹಾಗೆ ಎಂದರು ಪಕ್ಕದವರು. ಮೀಸೆಯೂ ಸರಿಯಾಗಿ ಬಂದಿರದ ಹುಡುಗ. ನಡೆಯುವಾಗ ತುಟಿ ಅಲುಗುತ್ತಿತ್ತು, ಪ್ರಾರ್ಥನೆ ಇರಬೇಕು.

ಆಮೇಲೆ ಒಬ್ಬ ಹಲಗೆ ಎತ್ತಿ ತೋರಿಸಿದ. ಗೂಳಿಯ ಹೆಸರು, ತೂಕ, ಹುಟ್ಟಿದ ತಿಂಗಳು. ಗೂಳಿಗೆ ಹೆಸರು ಬರುವುದು ತಾಯಿಯಿಂದ. ತಾಯಿಯ ಹೆಸರನ್ನೇ ಗಂಡು ಮಾಡಿ ಇಡುತ್ತಾರೆ. ಧೈರ್ಯವೂ ತಾಯಿಯಿಂದಲೇ ಬರುತ್ತದೆ ಎಂಬ ನಂಬಿಕೆ ಅವರದು. ಅದಕ್ಕೇ ಎಳೆಯ ಹಸುಗಳನ್ನು ಸಾಕುವವರ ಜಮೀನಿನ ಸಣ್ಣ ಅಖಾಡದಲ್ಲಿ ಬಟ್ಟೆ ಬೀಸಿ ಪರೀಕ್ಷಿಸುತ್ತಾರೆ. ಗಂಡನ್ನು ಮಾತ್ರ ನೆಲದ ಮೇಲೆ ನಿಂತ ಮನುಷ್ಯನ ಕೈಯ ಬಟ್ಟೆಗೆ ಒಮ್ಮೆಯೂ ಒಡ್ಡುವುದಿಲ್ಲ. ಒಂದು ಸಲ ನೋಡಿದರೆ ಅದು ಕಲಿತುಬಿಡುತ್ತದೆ, ಎರಡನೆಯ ಸಲ ಬಟ್ಟೆ ಬಿಟ್ಟು ಮನುಷ್ಯನಿಗೇ ಬರುತ್ತದೆ. ಇಡೀ ಆಟ ನಿಂತಿರುವುದು ಗೂಳಿ ಬುದ್ಧಿವಂತ ಎಂಬ ಈ ತಿಳಿವಳಿಕೆಯ ಮೇಲೆ. ಅದು ಕಲಿಯುವಷ್ಟರಲ್ಲಿ ಕೊಂದು ಮುಗಿಸಬೇಕು. ಕೊನೆಯ ಘಟ್ಟ ಶುರುವಾಗಿ 10 ನಿಮಿಷಕ್ಕೆ ಮೊದಲ ಎಚ್ಚರಿಕೆಯ ತುತ್ತೂರಿ, 13ಕ್ಕೆ ಎರಡನೆಯದು, 15ಕ್ಕೆ ಮೂರನೆಯದು. ಮೂರೂ ಊದಿದರೆ ಗೂಳಿಯನ್ನು ಮ್ಯಾಟಡಾರ್ ಕೈಯಿಂದ ಬಿಡಿಸಿ ಒಳಗೆ ಕರೆದೊಯ್ಯುತ್ತಾರೆ. ಅವನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಮೊದಲ ಗೂಳಿ ಬಾಗಿಲು ದಾಟಿ ಬಂತು. ಮಿರಮಿರ ಮಿಂಚುವ ಕಪ್ಪು. ನಮ್ಮ ಅಮೃತಮಹಲ್, ಹಳ್ಳಿಕಾರ್ ಹೋರಿಗಳಿಗಿರುವ ಇಣಿ ಇದಕ್ಕಿಲ್ಲ. ಅದರ ಬದಲು ಕತ್ತಿನ ಮೇಲೆ ದಪ್ಪನೆಯ ಮಾಂಸದ ದಿಂಡು. ರೋಷ ಬಂದಾಗ ಆ ದಿಂಡು ಎದ್ದು ನಿಲ್ಲುತ್ತದೆ. ಭುಜದ ಮೇಲೆ ಹುಟ್ಟಿದ ವರ್ಷದ ಕೊನೆಯ ಅಂಕಿಯನ್ನು ಕಾಯಿಸಿದ ಕಬ್ಬಿಣದಿಂದ ಒತ್ತಿದ್ದರು. ನಿಜ ಹೇಳುತ್ತೇನೆ, ಇಷ್ಟು ಆರೋಗ್ಯವಾದ ದನವನ್ನು ನಾನು ನನ್ನ ಸರ್ವಿಸಿನಲ್ಲೇ ಬೆರಳೆಣಿಕೆಯಷ್ಟು ನೋಡಿದ್ದೇನೆ. ಅದು ಅಖಾಡದ ನಡುವೆ ನಿಂತು ಸುತ್ತ ನೋಡಿತು. ಪ್ರವಾಸಿಗರು ಫೋನ್ ಎತ್ತಿದರು. ನನಗೆ ಕಂಡದ್ದು ಬೇರೆ. ಕಿವಿ ಒಂದೊಂದು ಕಡೆ ತಿರುಗುತ್ತಿತ್ತು, ಮೂತಿ ಎತ್ತಿ ಗಾಳಿ ಮೂಸುತ್ತಿತ್ತು. ಹಿಂಡು ತಪ್ಪಿಸಿಕೊಂಡ ದನ ಮಾಡುವುದನ್ನೇ ಅದು ಮಾಡುತ್ತಿತ್ತು.

ಮುಂದಿನದನ್ನು ಮೂರು ಅಂಕ ಎನ್ನುತ್ತಾರೆ. ಮೊದಲನೆಯದರಲ್ಲಿ ಈಟಿಯ ಸವಾರ, ಪಿಕಾಡೋರ್, ಬರುತ್ತಾನೆ. ಕುದುರೆಯ ಮೈಗೆಲ್ಲ ದಪ್ಪ ಹಚ್ಚಡ, ಗೂಳಿಯ ಕಡೆಯ ಕಣ್ಣಿಗೆ ಪಟ್ಟಿ. ಗೂಳಿ ಹಚ್ಚಡಕ್ಕೆ ಕೊಂಬು ಕೊಟ್ಟು ನೂಕುತ್ತಿರುವಾಗ ಸವಾರ ಮೇಲಿನಿಂದ ಆ ಕತ್ತಿನ ದಿಂಡಿಗೆ ಈಟಿ ಇಳಿಸುತ್ತಾನೆ. ಲಾಸ್ ವೆಂತಾಸ್‌ನಲ್ಲಿ ಕನಿಷ್ಠ ಎರಡು ಸಲ ಇಳಿಸಲೇಬೇಕು. ಪ್ರವಾಸಿಗರಿಗೆ ಇದು ಆಟದ ಮುನ್ನುಡಿಯಂತೆ ಕಾಣುತ್ತದೆ. ಆದರೆ ಗೂಳಿಯ ಹಣೆಬರಹ ತೀರ್ಮಾನವಾಗುವುದು ಇಲ್ಲೇ. ಆ ದಿಂಡು ತಲೆಯನ್ನು ಎತ್ತಿ ಹಿಡಿಯುವ ಮಾಂಸಖಂಡ. ಅದು ಹರಿದರೆ ತಲೆ ಕೆಳಗಿಳಿಯುತ್ತದೆ. ತಲೆ ಇಳಿದರಷ್ಟೇ ಕೊನೆಗೆ ಮ್ಯಾಟಡಾರ್ ಕೊಂಬುಗಳ ಮೇಲಿಂದ ಬಾಗಿ ಕತ್ತಿ ಹಾಕಬಲ್ಲ. ಮೊದಲ ಗೂಳಿಯ ರಕ್ತ ಭುಜದಿಂದ ಇಳಿದು ಮುಂಗಾಲ ಗೊರಸಿನ ತನಕ ಬಂತು. ಕಪ್ಪು ಮೈಯ ಮೇಲೆ ರಕ್ತ ಕೆಂಪಾಗಿ ಕಾಣುವುದಿಲ್ಲ, ಒದ್ದೆಯಾಗಿ ಹೊಳೆಯುತ್ತದೆ. ಅದು ರಕ್ತವೆಂದು ಹಿಂದಿನ ಸಾಲಿನ ದಂಪತಿಗೆ ತಿಳಿದದ್ದು ಗೂಳಿ ನಮ್ಮ ಕಡೆಗೆ ಬಂದಾಗ.

ಎರಡನೆಯ ಅಂಕದಲ್ಲಿ ಬಣ್ಣದ ಕಾಗದ ಸುತ್ತಿದ, ತುದಿಗೆ ಮೀನಿನ ಗಾಳದಂಥ ಕೊಕ್ಕೆಯಿರುವ ಕೋಲುಗಳನ್ನು ಜೋಡಿಜೋಡಿಯಾಗಿ ಬೆನ್ನಿಗೆ ನಾಟುತ್ತಾರೆ. ಮೂರನೆಯದು ಕೆಂಪು ಬಟ್ಟೆ ಮತ್ತು ಕತ್ತಿಯದು. ಕತ್ತಿ ಭುಜದೆಲುಬುಗಳ ನಡುವೆ ಸರಿಯಾಗಿ ಇಳಿದು ದೊಡ್ಡ ರಕ್ತನಾಳ ಕತ್ತರಿಸಿದರೆ ಗೂಳಿ ಅರ್ಧ ನಿಮಿಷದಲ್ಲಿ ಮೊಣಕಾಲೂರುತ್ತದೆ. ಅವತ್ತಿನ ಆರರಲ್ಲಿ ಹಾಗಾದದ್ದು ಎರಡಕ್ಕೆ ಮಾತ್ರ. ಮೊದಲನೆಯದಕ್ಕೆ ಕತ್ತಿ ಎರಡು ಸಲ ಎಲುಬಿಗೆ ತಾಗಿ ಚಿಮ್ಮಿತು. ಮೂರನೆಯ ಸಲ ಒಳಕ್ಕೆ ಹೋಯಿತು, ಬಾಯಿಂದ ನೊರೆನೊರೆಯಾದ ರಕ್ತ ಬಂತು. ನೊರೆ ಬಂದರೆ ಶ್ವಾಸಕೋಶ ತೂತಾಗಿದೆ ಎಂದರ್ಥ. ಗೂಳಿ ಅಂಚಿನ ಹಲಗೆಗೆ ಒರಗಿ ನಿಂತೇ ಇತ್ತು. ಕೊನೆಗೆ ಸಹಾಯಕನೊಬ್ಬ ಸಣ್ಣ ಚೂರಿಯಿಂದ ತಲೆಬುರುಡೆಗೂ ಕತ್ತಿನ ಮೊದಲ ಎಲುಬಿಗೂ ನಡುವೆ ಇರಿದು ಮುಗಿಸಿದ. ಗೂಳಿಗೆ ರೋಷದಲ್ಲಿ ನೋವು ಗೊತ್ತಾಗುವುದಿಲ್ಲ ಎಂದು ವಾದಿಸುವವರಿದ್ದಾರೆ. ಉಸಿರಿನ ವೇಗ, ನಾಲಿಗೆ ಹೊರಬಿದ್ದ ರೀತಿ, ಹಲಗೆಗೆ ಒರಗುವುದು, ಇವನ್ನು ದನದ ಕೊಟ್ಟಿಗೆಯಲ್ಲಿ ನೋಡಿದ್ದರೆ ನಾನು ಏನೆಂದು ಬರೆಯುತ್ತಿದ್ದೆನೋ ಅದನ್ನೇ ಇಲ್ಲೂ ಬರೆಯುತ್ತೇನೆ. ಅದಕ್ಕೆ ತುಂಬಾ ನೋವಾಗುತ್ತಿತ್ತು.

ಎರಡನೆಯ ಗೂಳಿ ಸತ್ತ ಮೇಲೆ ಹಿಂದಿನ ಸಾಲಿನ ದಂಪತಿ ಎದ್ದು ಹೋದರು. ಇನ್ನೂ ಅನೇಕರು ಹೋದರು. ಒಬ್ಬ ಹೆಣ್ಣುಮಗಳು ಅಳುತ್ತಿದ್ದಳು. ಪಕ್ಕದವರು ಇದು ಮಾಮೂಲು ಎಂಬಂತೆ ಕಾಲು ಸರಿಸಿ ದಾರಿ ಬಿಟ್ಟರು. ಮಗಳು ನನ್ನ ಮುಖ ನೋಡಿದಳು. ನಾನು ಕೂತೆ.

ಗೂಳಿಕಾಳಗ ಬೇಕೋ ಬೇಡವೋ ಎಂಬ ಈ ಜಗಳವನ್ನು ಹೊರಗಿನಿಂದ ಬಂದ ನಾವು ಹುಟ್ಟಿಸಿದ್ದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. 1567ರಲ್ಲೇ ಪೋಪ್ ಐದನೆಯ ಪಯಸ್ ಗೂಳಿಕಾಳಗಕ್ಕೆ ನಿಷೇಧ ಹಾಕಿದ್ದರು, ಸ್ಪೇನ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 18ನೆಯ ಶತಮಾನದ ತನಕ ಅದು ಕುದುರೆಯೇರಿದ ಶ್ರೀಮಂತರ ಆಟ. ಹೊಸ ರಾಜಮನೆತನಕ್ಕೆ ಅದು ರುಚಿಸದೆ ಹೋದಾಗ, ನೆಲದ ಮೇಲೆ ನಿಂತು ಸಹಾಯ ಮಾಡುತ್ತಿದ್ದ ಬಡವರು ಮುಂದೆ ಬಂದರು. ಆಂದಲೂಸಿಯಾದ ರೋಂದಾ ಊರಿನ ರೊಮೇರೊ ಎಂಬ ಮ್ಯಾಟಡಾರ್ ಮನೆತನದ ಹೆಸರು ಕೇಳಿಬರುವುದು ಆಗಲೇ. ಆ ಊರಿನ ಕಲ್ಲಿನ ಅಖಾಡ ತೆರೆದದ್ದು 1785ರಲ್ಲಿ. ಅದೇ ವರ್ಷ ಮೂರನೆಯ ಕಾರ್ಲೋಸ್ ದೊರೆ ಕಾಳಗದ ಮೇಲೆ ನಿರ್ಬಂಧ ಹಾಕಿದ, 1805ರಲ್ಲಿ ಅವನ ಮಗ ಮತ್ತೆ ನಿಷೇಧಿಸಿದ. ಎರಡೂ ಬಾಳಲಿಲ್ಲ. ಕುದುರೆಯ ಮೈಮೇಲಿನ ಹಚ್ಚಡ ಕಡ್ಡಾಯವಾದದ್ದು 1928ರಲ್ಲಿ. ಅದಕ್ಕೂ ಮುಂಚೆ ಒಂದೊಂದು ಸಂಜೆಗೆ ಹಲವು ಕುದುರೆಗಳು ಹೊಟ್ಟೆ ಸೀಳಿ ಸಾಯುತ್ತಿದ್ದವು, ಜನ ಅದನ್ನೂ ನೋಡುತ್ತ ಕೂತಿರುತ್ತಿದ್ದರು. ಹಚ್ಚಡ ಬಂದಾಗ ಕಾಳಗದ ಸೊಗಸೇ ಹೋಯಿತು ಅಂದವರೂ ಇದ್ದರು.

ನಾಲ್ಕನೆಯ ಗೂಳಿ ಹಿರಿಯ ಮ್ಯಾಟಡಾರ್‌ನದು. ಇಲ್ಲಿ ನನ್ನ ಬಗ್ಗೆ ಒಂದು ವಿಷಯ ಹೇಳಿಕೊಳ್ಳಬೇಕು. ಆತ ಅಖಾಡದ ನಡುವಿಗೆ ಹೋಗಿ ಎರಡೂ ಪಾದ ಮರಳಿಗೆ ಊರಿ ನಿಂತ. ಕೆಂಪು ಬಟ್ಟೆಯನ್ನು ಎಡಗೈಯಲ್ಲಿ ತೀರ ಕೆಳಗೆ ಹಿಡಿದ. ಗೂಳಿ ಬಂತು. ಬಟ್ಟೆ ಅದರ ಮೂತಿಯ ಮುಂದೆ ಒಂದು ಗೇಣು ದೂರದಲ್ಲಿ, ಅದರದೇ ವೇಗದಲ್ಲಿ ಸರಿಯಿತು. ಗೂಳಿ ಅವನನ್ನು ಸುತ್ತಿ ಹೋಗಿ ಮತ್ತೆ ತಿರುಗಿತು, ಮತ್ತೆ, ಮತ್ತೆ. ಪ್ರತಿ ಸುತ್ತೂ ಹಿಂದಿನದಕ್ಕಿಂತ ನಿಧಾನ. ಲಾಸ್ ವೆಂತಾಸ್‌ನಲ್ಲಿ ಈ ಹೊತ್ತಿಗೆ ವಾದ್ಯ ನುಡಿಸುವುದಿಲ್ಲ. ಸಾವಿರಾರು ಜನ ಉಸಿರು ಬಿಗಿಹಿಡಿದ ಮೌನ. ಗೊರಸು ಮರಳಿನಲ್ಲಿ ಹೂತು ಏಳುವ ಸದ್ದು ನನಗೆ ಮೇಲಿನ ಸಾಲಿಗೂ ಕೇಳಿತು. ಆಮೇಲೆ ಎಲ್ಲರ ಗಂಟಲಿಂದ ಒಟ್ಟಿಗೆ, ಗಟ್ಟಿಯಾಗಿ ಅಲ್ಲ, ಎದೆಯೊಳಗಿಂದ ಎಳೆದ ಹಾಗೆ ಒಂದು "ಓಲೆ", ಅವರ ಭಾಷೆಯ ಭೇಷ್. ನನ್ನ ಬಾಯಿಂದಲೂ ಅದು ಬಂತು. ಮಗಳು ತಿರುಗಿ ನನ್ನನ್ನು ನೋಡಿದಳು.

ಅಲ್ಲಿ ಕಲೆ ಇಲ್ಲ, ಬರೀ ಕಸಾಯಿ ಕೆಲಸ ಎಂದು ನನ್ನಿಂದ ಹೇಳಲಾಗದು. ಆ ಮನುಷ್ಯನಿಗೆ ದನದ ಕಣ್ಣು ಗೊತ್ತಿತ್ತು. ದನಕ್ಕೆ ಎರಡೂ ಪಕ್ಕ ವಿಶಾಲವಾಗಿ ಕಾಣುತ್ತದೆ, ಮೂತಿಯ ಮುಂದಿನ ಸಣ್ಣ ಜಾಗ ಕಾಣುವುದಿಲ್ಲ. ಯಾವಾಗ ಅದು ತನ್ನನ್ನು ನೋಡುತ್ತಿದೆ, ಯಾವಾಗ ಬಟ್ಟೆಯನ್ನು, ಯಾವ ಮೂಲೆಯನ್ನು ತನ್ನ ಜಾಗ ಅಂದುಕೊಂಡಿದೆ, ಎಲ್ಲವನ್ನೂ ಆತ ಕಿವಿಯ ಅಲುಗಾಟದಲ್ಲಿ ಓದುತ್ತಿದ್ದ. ನನ್ನ ವೃತ್ತಿಯವರಿಗೂ ಅಷ್ಟು ಚೆನ್ನಾಗಿ ಓದಲು ಬರುವುದಿಲ್ಲ. ಅಪಾಯವೂ ಸುಳ್ಳಲ್ಲ. 1947ರಲ್ಲಿ ಲಿನಾರೆಸ್ ಊರಿನಲ್ಲಿ ಹೆಸರಾಂತ ಮ್ಯಾಟಡಾರ್ ಮಾನೊಲೆತೆ ಕತ್ತಿ ಇಳಿಸುವ ಗಳಿಗೆಯಲ್ಲೇ ಕೊಂಬಿಗೆ ಸಿಕ್ಕಿ ಮರುದಿನ ನಸುಕಿನಲ್ಲಿ ತೀರಿಕೊಂಡರು, ಆಗ ಅವರಿಗೆ 30 ವರ್ಷ. 2016ರ ಜುಲೈನಲ್ಲಿ ತೆರುಯೆಲ್ ಊರಿನಲ್ಲಿ 29ರ ಮ್ಯಾಟಡಾರ್ ವಿಕ್ತೋರ್ ಬಾರಿಯೊ ಅಖಾಡದಲ್ಲೇ ಪ್ರಾಣ ಬಿಟ್ಟರು. ಇಷ್ಟು ಬಲ್ಲವನು ಅಷ್ಟು ಬಲ್ಲದ್ದನ್ನು ಆ ಪ್ರಾಣಿಯನ್ನು ಕೊಲ್ಲಲು ಬಳಸುತ್ತಾನಲ್ಲ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ. ಗೂಳಿ ಬಿದ್ದ ಮೇಲೆ ಜನ ಬಿಳಿ ಕರವಸ್ತ್ರ ಬೀಸಿದರು. ಮೇಲಿನ ಕಟಕಟೆಯಲ್ಲಿ ಕೂತು ಆಟದ ತೀರ್ಮಾನ ಹೇಳುವ ಅಧ್ಯಕ್ಷರೂ ಬಿಳಿ ಕರವಸ್ತ್ರ ಇಳಿಬಿಟ್ಟರು. ಸತ್ತ ಗೂಳಿಯ ಒಂದು ಕಿವಿ ಮ್ಯಾಟಡಾರ್‌ಗೆ ಬಹುಮಾನ.

ಇನ್ನು ಆ ಏಳನೆಯದರ ಕಥೆ.

ಐದನೆಯದಾಗಿ ಬಂದ ಗೂಳಿ ಎರಡು ಸುತ್ತು ಓಡುವಷ್ಟರಲ್ಲೇ ನನಗೆ ಗೊತ್ತಾಯಿತು, ಹಿಂಗಾಲು ಸರಿಯಿಲ್ಲ. ಎಡಗಡೆಯದು. ಸೊಂಟದ ಕೀಲೋ ಮೊಣಕಾಲೋ ಅಷ್ಟು ದೂರದಿಂದ ಹೇಳಲಾಗಲಿಲ್ಲ. ಮಗಳಿಗೆ ಹೇಳಿದೆ, ಅವಳು ಪಕ್ಕದವರಿಗೆ ಹೇಳಿದಳು, ಅವರು ನನ್ನ ತೊಡೆ ತಟ್ಟಿದರು. ಅಷ್ಟರಲ್ಲಿ ರಸಿಕರ ಸಾಲುಗಳಿಂದ ಶಿಳ್ಳೆ ಶುರುವಾಯಿತು. ಕುಂಟುವ ಗೂಳಿಯ ಜೊತೆ ಕಾದಾಡುವುದು ಅವರ ದೃಷ್ಟಿಯಲ್ಲಿ ಮೋಸ. ಚಪ್ಪಾಳೆಯ ತಾಳ, ಕೂಗು. ಅಧ್ಯಕ್ಷರು ಹಸಿರು ಕರವಸ್ತ್ರ ಇಳಿಬಿಟ್ಟರು. ಗೂಳಿಯನ್ನು ವಾಪಸು ಕಳಿಸಿ ಎಂದು ಅದರ ಅರ್ಥ.

ಎದುರಿನ ಬಾಗಿಲು ತೆರೆಯಿತು. ಕೊರಳಗಂಟೆಯ ಸದ್ದು ಕೇಳಿಸಿತು.

ನೀವೆಲ್ಲ ಹಳ್ಳಿಯಿಂದ ಬಂದವರು, ಆ ಸದ್ದನ್ನು ನಿಮಗೆ ವಿವರಿಸಬೇಕಾಗಿಲ್ಲ. ಸಂಜೆ ಮೇವು ಮುಗಿಸಿ ಬರುವ ದನಗಳ ಸದ್ದು. ಬಿಳಿ ಮೈಗೆ ದೊಡ್ಡ ದೊಡ್ಡ ಮಚ್ಚೆಗಳಿರುವ ಭಾರೀ ಎತ್ತುಗಳ ಒಂದು ಹಿಂಡು, ಬೀಜ ಒಡೆದು ಪಳಗಿಸಿದವು, ಒಂದೊಂದರ ಕೊರಳಲ್ಲೂ ಒಂದೊಂದು ದೊಡ್ಡ ಗಂಟೆ, ಮರಳಿನ ಮೇಲೆ ಓಡಿ ಬಂದವು. ಹಿಂದೆ ಅವುಗಳನ್ನು ನೋಡಿಕೊಳ್ಳುವ ಮನುಷ್ಯ, ಬಾಯಲ್ಲಿ ಏನೋ ಕೂಗುತ್ತ. ಗೂಳಿ ಅಷ್ಟು ಹೊತ್ತು ಬಟ್ಟೆಗೆ, ಹಲಗೆಗೆ, ನೆರಳಿಗೆ ನುಗ್ಗುತ್ತಿತ್ತು. ಎತ್ತುಗಳು ಅದರ ಸುತ್ತ ಒಂದು ಸುತ್ತು ಬಂದವು. ಅದು ತಲೆ ಎತ್ತಿತು. ಕಿವಿ ಮುಂದಕ್ಕೆ ಬಂತು. ಒಂದು ಎತ್ತಿನ ಪಕ್ಕೆಗೆ ಮೂತಿ ತಾಗಿಸಿ ಮೂಸಿತು. ಆಮೇಲೆ ಹಿಂಡಿನ ನಡುವೆ ಸೇರಿಕೊಂಡು, ಕುಂಟುತ್ತ, ಅವುಗಳ ಜೊತೆ ಬಾಗಿಲಿನ ಕಡೆ ನಡೆದುಬಿಟ್ಟಿತು. ಇಷ್ಟಕ್ಕೂ ಒಂದೆರಡು ನಿಮಿಷಕ್ಕಿಂತ ಹೆಚ್ಚು ಹಿಡಿದಿರಲಿಕ್ಕಿಲ್ಲ. ಆ ರೋಷ, ಆ ನುಗ್ಗುವಿಕೆ, ಎಲ್ಲ ಎಲ್ಲಿ ಹೋಯಿತು? ಸಂತೆಯಲ್ಲಿ ತಪ್ಪಿಸಿಕೊಂಡ ಮಗು ತಾಯಿಯ ಸೆರಗು ಸಿಕ್ಕಿದಾಗ ಸುಮ್ಮನಾಗುತ್ತದಲ್ಲ, ಹಾಗೆ ಸುಮ್ಮನಾಯಿತು.

ಪ್ರವಾಸಿಗರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಯುವಕರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಒಂದಾದರೂ ಉಳಿಯಿತು ಎಂಬ ಸಂತೋಷ. ನಾನೂ ತಟ್ಟಿದೆ. ಕಣ್ಣು ಒದ್ದೆಯಾಗಿತ್ತು. ಕಾಲು ಊತವಿದ್ದರೆ ಹದಿನೈದು ದಿನದ ವಿಶ್ರಾಂತಿ, ನೋವಿನ ಔಷಧಿ, ಮೆತ್ತನೆಯ ನೆಲ, ಇಷ್ಟು ಸಾಕು ಎಂದು ಮನಸ್ಸಿನಲ್ಲೇ ಚೀಟಿ ಬರೆಯುತ್ತಿದ್ದೆ. ಪಕ್ಕದವರು ನನ್ನ ಕೈ ಹಿಡಿದು ಕೆಳಗಿಳಿಸಿದರು. ಮಗಳಿಗೆ ಮೆಲ್ಲಗೆ ಹೇಳಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ನನಗೆ ಹೇಳಿದಳು: "ಅಪ್ಪ, ಅದನ್ನ ಒಳಗೆ ಕೊಲ್ತಾರಂತೆ. ಈಗಲೇ."

ಅಖಾಡಕ್ಕೆ ಒಮ್ಮೆ ಬಂದ ಗೂಳಿ ಮತ್ತೆ ಹುಲ್ಲುಗಾವಲಿಗೆ ಹೋಗುವುದಿಲ್ಲ. ಹಸಿರು ಕರವಸ್ತ್ರದ ಗೂಳಿಯನ್ನು ಹಿಂದಿನ ದೊಡ್ಡಿಯಲ್ಲಿ ಮುಗಿಸುತ್ತಾರೆ, ಅದರ ಬದಲಿಗೆ ಇಟ್ಟುಕೊಂಡ ಇನ್ನೊಂದನ್ನು ಬಿಡುತ್ತಾರೆ. ನಿಜವಾದ ಕ್ಷಮೆಗೆ ಕಿತ್ತಳೆ ಬಣ್ಣದ ಕರವಸ್ತ್ರವಿದೆ, ಅಸಾಧಾರಣ ಶೌರ್ಯ ತೋರಿದ್ದಕ್ಕೆ. ಹಾಗೆ ಉಳಿದದ್ದರ ಗಾಯ ವಾಸಿಮಾಡಿ ತಳಿಗೆ ಬಿಡುತ್ತಾರೆ. ಲಾಸ್ ವೆಂತಾಸ್‌ನಲ್ಲಿ ಅದು ಎಷ್ಟು ಅಪರೂಪವೆಂದರೆ, 1982ರ ಜುಲೈ 19ರಂದು ಗೂಳಿ ಸಾಕುವ ವಿಕ್ತೋರಿನೊ ಮಾರ್ತಿನ್ ಅವರ ಬೆಲಾದೋರ್ ಎಂಬ ಗೂಳಿಗೆ ಸಿಕ್ಕ ಕ್ಷಮೆಯನ್ನು ರಸಿಕರು ಇವತ್ತಿಗೂ ತಾರೀಖು ಸಮೇತ ಹೇಳುತ್ತಾರೆ. ಇದೆಲ್ಲ ಆಮೇಲೆ ಪಕ್ಕದವರಿಂದ ತಿಳಿದದ್ದು. ಚಪ್ಪಾಳೆ ತಟ್ಟುವಾಗ ನನಗೆ ಏನೂ ಗೊತ್ತಿರಲಿಲ್ಲ. ನನ್ನ ಎದುರಿಗೆ ಏನಾಗುತ್ತಿದೆ ಎಂದು ತಿಳಿಯದೆ, ಒಂದು ದನವನ್ನು ಕಸಾಯಿಗೆ ಕಳಿಸುವಾಗ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ದುಡ್ಡು ಕೊಟ್ಟು ನೋಡಲು ಹೋಗುವ ಪ್ರವಾಸಿಗರ ಪಾಡು ಇದು. ಆ ಊರಿನವರಿಗೆ ಪ್ರತಿಯೊಂದು ಬಣ್ಣದ ಬಟ್ಟೆಯ ಅರ್ಥ ಗೊತ್ತು, ಅವರು ಮಾಡುವುದನ್ನು ತಿಳಿದೇ ಮಾಡುತ್ತಾರೆ. ಟಿಕೆಟ್ಟಿನ ದುಡ್ಡು ನನ್ನದೂ ಇತ್ತು, ತಿಳಿವಳಿಕೆ ಮಾತ್ರ ಇರಲಿಲ್ಲ.

ಪಕ್ಕದವರು ಒಳ್ಳೆಯ ಮನುಷ್ಯ. ನನ್ನ ಮುಖ ನೋಡಿ ಅವರಿಗೂ ಕಸಿವಿಸಿಯಾಯಿತು. ಅವರು ಮುಂದಿಟ್ಟ ವಾದ ಇದು: ಈ ಗೂಳಿ ನಾಲ್ಕೈದು ವರ್ಷ ದೆಹೆಸಾ ಎಂಬ ಓಕ್ ಮರಗಳ ಹುಲ್ಲುಗಾವಲಿನಲ್ಲಿ ತನ್ನ ಹಿಂಡಿನ ಜೊತೆ, ಹಗ್ಗ ಕಾಣದೆ ಬೆಳೆದದ್ದು. ನೀವು ತಿನ್ನುವ ಬೀಫಿನ ಕರು ಎರಡು ವರ್ಷವನ್ನೂ ಕಾಣದೆ ಕೊಟ್ಟಿಗೆಯಲ್ಲೇ ಬದುಕಿ ಸಾಯುತ್ತದೆ. ಯಾವ ಬದುಕು ಬೇಕು, ನೀವೇ ಹೇಳಿ, ವೈದ್ಯರು. ನಾನು ಉತ್ತರ ಕೊಡಲಿಲ್ಲ. ಲಾರಿಗಳಲ್ಲಿ ಕಾಲು ಮುರಿದು ಒಂದರ ಮೇಲೊಂದು ಬಿದ್ದ ದನಗಳನ್ನು ಇಳಿಸಿಕೊಂಡವನು ನಾನು. ಆ ವಾದವನ್ನು ತಳ್ಳಿಹಾಕಲು ನನಗೆ ನಾಲಿಗೆ ಬರುವುದಿಲ್ಲ. ಆದರೆ ಒಳ್ಳೆಯ ನಾಲ್ಕು ವರ್ಷ ಕೊಟ್ಟೆವು ಎಂಬುದು ಆ ಕೊನೆಯ 20 ನಿಮಿಷಕ್ಕೆ ಹೇಗೆ ಲೈಸೆನ್ಸ್ ಆಗುತ್ತದೆ ಎಂಬುದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಐದನೆಯದರ ಬದಲಿಗೆ ಬಂದದ್ದನ್ನೂ, ಆಮೇಲೆ ಆರನೆಯದನ್ನೂ ನೋಡಿದೆ. ಬರಿತಲೆಯಲ್ಲಿ ನಡೆದ ಹುಡುಗನದು. ಅವನನ್ನು ಗೂಳಿ ಒಮ್ಮೆ ಎತ್ತಿ ಒಗೆಯಿತು. ಎದ್ದು ಬಂದು ಮುಗಿಸಿದ. ಹೆಚ್ಚು ಹೇಳಲಾರೆ.

ಸ್ಪೇನ್ ಎಲ್ಲ ಒಂದೇ ಅಲ್ಲ. ಕನೇರಿ ದ್ವೀಪಗಳು 1991ರಲ್ಲೇ ಇದನ್ನು ಬಿಟ್ಟವು. ಬಾರ್ಸಿಲೋನಾ ಇರುವ ಕತಲೋನಿಯಾ ಪ್ರಾಂತದ ಶಾಸನಸಭೆ 2010ರಲ್ಲಿ 68–55 ಮತಗಳಿಂದ ನಿಷೇಧಿಸಿತು, ಬಾರ್ಸಿಲೋನಾದ ಕೊನೆಯ ಕಾಳಗ 2011ರ ಸೆಪ್ಟೆಂಬರ್ 25ರಂದು ನಡೆಯಿತು. 2013ರಲ್ಲಿ ಕೇಂದ್ರ ಸರ್ಕಾರ ಇದನ್ನು ಸಾಂಸ್ಕೃತಿಕ ಪರಂಪರೆ ಎಂದು ಕಾನೂನು ಮಾಡಿತು, 2016ರಲ್ಲಿ ಸಂವಿಧಾನ ನ್ಯಾಯಾಲಯ ಕತಲೋನಿಯಾದ ನಿಷೇಧವನ್ನು ರದ್ದು ಮಾಡಿತು. ಆದರೂ ಬಾರ್ಸಿಲೋನಾದಲ್ಲಿ ಮತ್ತೆ ಶುರುವಾಗಲಿಲ್ಲ. ಅಲ್ಲಿನ ಇನ್ನೊಂದು ಹಳೆಯ ಅಖಾಡ ಈಗ ಮಾಲ್ ಆಗಿದೆ, ಮಗಳು ನನ್ನನ್ನು ಅಲ್ಲಿಗೂ ಕರೆದೊಯ್ದಿದ್ದಳು. 2024ರಲ್ಲಿ ಸ್ಪೇನ್‌ನ ಸಂಸ್ಕೃತಿ ಸಚಿವಾಲಯ ಗೂಳಿಕಾಳಗದ ರಾಷ್ಟ್ರೀಯ ಪ್ರಶಸ್ತಿಯನ್ನೇ ನಿಲ್ಲಿಸಿತು. ಬೆಕ್ಕಸ ಹುಟ್ಟಿಸುವ ಇನ್ನೊಂದು ಸಂಗತಿ: ಪಾಂಪ್ಲೋನಾದ ಬೀದಿಯಲ್ಲಿ ಜುಲೈ ತಿಂಗಳ ಬೆಳಿಗ್ಗೆ ಎಂಟಕ್ಕೆ ಜನರ ಜೊತೆ ಓಡುವ ಆರು ಗೂಳಿಗಳನ್ನು ಟೀವಿಯಲ್ಲಿ ನೋಡಿರುತ್ತೀರಿ. ಅವೇ ಆರು ಅದೇ ದಿನ ಸಂಜೆ ಅಖಾಡದಲ್ಲಿ ಸಾಯುತ್ತವೆ. ಅಲ್ಲಿಗೆ ಓಡಲು ಹೋಗುವ ಎಷ್ಟೋ ಪ್ರವಾಸಿಗರಿಗೆ ಇದು ಗೊತ್ತಿರುವುದಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ.

(ಕೆಂಪು ಬಣ್ಣ ಕಂಡರೆ ಗೂಳಿಗೆ ಸಿಟ್ಟು ಬರುವುದು ನಿಜವೇ ಎಂದು ಒಬ್ಬರು ಕೇಳಿದರು.)

ಇಲ್ಲ. ದನದ ಕಣ್ಣಿಗೆ ಕೆಂಪು ನಮಗೆ ಕಾಣುವ ಹಾಗೆ ಕಾಣುವುದಿಲ್ಲ. ಅದು ನುಗ್ಗುವುದು ಅಲುಗಾಟಕ್ಕೆ. ಮೊದಲ ಅಂಕದ ದೊಡ್ಡ ಬಟ್ಟೆ ಗುಲಾಬಿ ಮತ್ತು ಹಳದಿ, ಅದಕ್ಕೂ ಅಷ್ಟೇ ಜೋರಾಗಿ ನುಗ್ಗುತ್ತದೆ. ಕೆಂಪು ಇರುವುದು ಕೂತು ನೋಡುವವರಿಗಾಗಿ.

(ನಮ್ಮ ಹೋರಿ ಹಬ್ಬಕ್ಕೂ ಇದಕ್ಕೂ ಏನು ವ್ಯತ್ಯಾಸ, ನಾವು ಅವರಿಗೆ ಬುದ್ಧಿ ಹೇಳಬಹುದೇ ಎಂದು ಇನ್ನೊಬ್ಬರು ಕೇಳಿದರು.)

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಹಾವೇರಿ, ಶಿಕಾರಿಪುರದ ಕಡೆ ದೀಪಾವಳಿ ಮುಗಿದ ಮೇಲೆ ಕೊಬ್ಬರಿ ಹೋರಿ ಓಡಿಸುವುದನ್ನು ವರ್ಷವರ್ಷ ನೋಡಿದ್ದೇನೆ, ಡ್ಯೂಟಿಯ ಮೇಲೆ. ಬೆದರಿ ಕಾಲು ತಿರುಚಿಕೊಂಡ ಹೋರಿಗೆ ಪಟ್ಟಿ ಕಟ್ಟಿದ್ದೇನೆ. ಕೊಬ್ಬರಿ ಹರಿಯಲು ಹೋಗಿ ಸತ್ತ ಹುಡುಗರ ಮನೆಗೂ ಹೋಗಿ ಬಂದಿದ್ದೇನೆ. ಕಂಬಳ, ಎತ್ತಿನ ಓಟಗಳಿಗೆ ಅವಕಾಶ ಕೊಡುವ 2017ರ ರಾಜ್ಯದ ತಿದ್ದುಪಡಿ ಬಂತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾನೂನು ಒಪ್ಪಿತು ಎಂದ ಮಾತ್ರಕ್ಕೆ ನಮ್ಮಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳುವುದಿಲ್ಲ. ಮಾರನೆಯ ದಿನ ಆ ಹೋರಿ ಅದೇ ಗ್ವಾದಲಿಯಲ್ಲಿ ಹಿಂಡಿ ತಿನ್ನುತ್ತ ನಿಂತಿರುತ್ತದೆ, ಮನೆಯ ಹೆಣ್ಣುಮಕ್ಕಳು ದೃಷ್ಟಿ ತೆಗೆಯುತ್ತಾರೆ. ಅದು ದೊಡ್ಡ ವ್ಯತ್ಯಾಸ. ಆದರೂ ಮಸಾಲೆ ಕಣ್ಣಿಗೆ ಹಚ್ಚಿ, ಬಾಲ ತಿರುಚಿ ಓಡಿಸುವವರನ್ನು ತಡೆಯದೆ ಮ್ಯಾಡ್ರಿಡ್‌ನವರಿಗೆ ಬುದ್ಧಿ ಹೇಳಲು ನಾನು ಹೋಗುವುದಿಲ್ಲ.

(ಸ್ಪೇನ್‌ಗೆ ಹೋಗುವ ನಮ್ಮ ಮಕ್ಕಳಿಗೆ ಏನು ಹೇಳಲಿ, ಹೋಗಿ ನೋಡಿ ಅನ್ನಲೇ ಎಂದು ಒಬ್ಬ ತಾಯಿ ಕೇಳಿದರು.)

ನಾನು ಇನ್ನೊಮ್ಮೆ ದುಡ್ಡು ಕೊಟ್ಟು ಹೋಗುವುದಿಲ್ಲ. ಲಾಸ್ ವೆಂತಾಸ್ ಕಟ್ಟಡವನ್ನು ಆಟವಿಲ್ಲದ ದಿನ ಬೆಳಿಗ್ಗೆ ಟಿಕೆಟ್ ಕೊಂಡು ಒಳಗೆಲ್ಲ ನೋಡಬಹುದು. ಮರಳಿನ ಮೇಲೆ ನಡೆಯಬಹುದು. ಅಷ್ಟು ಮಾಡಲಿ. ಹೋಗಲೇಬೇಕೆಂದು ಹಠವಿದ್ದರೆ, ಕರವಸ್ತ್ರಗಳ ಅರ್ಥ ತಿಳಿದುಕೊಂಡು ಹೋಗಲಿ, ಮಕ್ಕಳನ್ನು ಕರೆದೊಯ್ಯದಿರಲಿ.

(ಹಿಂದಿನ ಸಾಲಿನಲ್ಲಿ ಕೂತಿದ್ದ ಶಾಲೆಯ ಹುಡುಗನೊಬ್ಬ ಎದ್ದು ನಿಂತ. ಆ ಗಂಟೆ ಕಟ್ಟಿದ ಎತ್ತುಗಳು ಆಮೇಲೆ ಏನಾದವು ಎಂದು ಕೇಳಿದ.)

ಅವುಗಳಿಗೆ ಏನೂ ಆಗಲಿಲ್ಲ ಮಗೂ. ಆ ಮರಳಿಗೆ ಬಂದು ತಮ್ಮ ಕಾಲ ಮೇಲೆ ವಾಪಸು ನಡೆದು ಹೋಗುವ ದನಗಳೆಂದರೆ ಅವೇ. ದೊಡ್ಡಿಗೆ ಹೋಗಿ ಮೇವು ತಿಂದಿರುತ್ತವೆ. ಮುಂದೆ ಯಾವತ್ತಾದರೂ ಹಸಿರು ಬಟ್ಟೆ ಇಳಿದರೆ ಅವುಗಳನ್ನೇ ಮತ್ತೆ ಬಿಡುತ್ತಾರೆ, ಇನ್ನೊಂದು ಗೂಳಿ ಅವುಗಳ ಹಿಂದೆ ಬರುತ್ತದೆ. ಆ ಗಂಟೆಯ ಸದ್ದು ಕೇಳಿದಾಗ ಅದಕ್ಕೆ ಏನನ್ನಿಸುತ್ತದೆ ಎಂದು ನೀನು ಕೇಳಿದರೆ, ನಮ್ಮ ಕೊಟ್ಟಿಗೆಯ ಕರು ತನ್ನ ತಾಯಿ ಸಂಜೆ ಮೇದು ಬರುವಾಗ ಕಿವಿ ನಿಗುರಿಸಿ ನಿಲ್ಲುತ್ತದಲ್ಲ, ಅದರ ಕಿವಿಯೂ ಹಾಗೇ ನಿಗುರಿತ್ತು. ಅಷ್ಟನ್ನು ನಾನು ನೋಡಿದೆ.